ವಿಂಚೆಸ್ಟರ್ ಮನೆಯ ತೋಟದ ಪರವಾಗಿ

ಎಲ್ಲರಿಗೂ ನಮಸ್ಕಾರ.

ವಸಂತದ ತೋಟದ ಮೇಳಕ್ಕೆ ವಿಂಚೆಸ್ಟರ್ ಮನೆಗೆ ಹೋಗೋಣ ಅಂದರೆ ಸ್ಯಾನ್ ಹೊಸೆಯ ನಮ್ಮ ಮಕ್ಕಳು ಮೊದಲು ಕೇಳುವುದು, "ದೆವ್ವ ಕಾಣುತ್ತಾ?" ಅಂತ. ಸಂತಾನಾ ರೋ ಅಂಗಡಿ ಬೀದಿಯ ಎದುರಿಗಿರುವ ಆ ಮನೆಯನ್ನು ನೀವೆಲ್ಲ ನೋಡಿದವರೇ. 160 ಕೋಣೆಗಳು, ಚಾವಣಿಗೆ ಹೋಗಿ ಮುಗಿಯುವ ಮೆಟ್ಟಿಲು, ಇವನ್ನೆಲ್ಲ ನಾನು ಹೊಸದಾಗಿ ಹೇಳಬೇಕಿಲ್ಲ. ಅದನ್ನು ಕಟ್ಟಿಸಿದ ಸಾರಾ ವಿಂಚೆಸ್ಟರ್, ವಿಂಚೆಸ್ಟರ್ ಬಂದೂಕು ಕಂಪನಿಯ ಮನೆತನದ ವಿಧವೆ, ದೆವ್ವಗಳಿಗೆ ಹೆದರಿ ಹಾಗೆ ಕಟ್ಟಿಸಿದರು ಅನ್ನುವುದು ಜನರ ಮಾತು. ನಾನು ಇವತ್ತು ನಿಂತಿರುವುದು ಸಾರಾ ಅನ್ನುವ ತೋಟಗಾರ್ತಿಯ ಪರವಾಗಿ.

ವಿಕ್ಟೋರಿಯನ್, ಅಂದರೆ ವಿಕ್ಟೋರಿಯಾ ರಾಣಿಯ ಕಾಲದ ಮೇಳ ಅಂದ ಕೂಡಲೇ ಲೇಸಿನ ಗೌನು, ಹೂವಿನ ಹ್ಯಾಟು, ಪಿಂಗಾಣಿ ಕಪ್ಪಿನಲ್ಲಿ ಚಹಾ. ಅದೂ ಚೆಂದವೇ, ಹಾಕಿಕೊಂಡು ಬನ್ನಿ. ಆದರೆ ಆ ಕಾಲದವರಿಗೆ ನಿಜವಾಗಿ ಹಿಡಿದಿದ್ದು ಗಿಡಗಳ ಹುಚ್ಚು. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಸಸಿಗಳು ಹಡಗಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ ಅಂತ ಗೊತ್ತಾಗಿತ್ತು. 1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ತೆರಿಗೆಯನ್ನೂ ತೆಗೆದುಹಾಕಿತು. ಆಮೇಲೆ ಊರೂರಿಗೆ ಗಿಡ ಬೆಳೆಸುವ ಗಾಜಿನ ಮನೆಗಳು. ನಮ್ಮ ಲಾಲ್‌ಬಾಗಿನ ಗಾಜಿನ ಮನೆಯೂ ಅದೇ ವಂಶದ್ದು. ಅದಕ್ಕೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಕಬ್ಬಿಣ ಬಂದದ್ದು ಗ್ಲಾಸ್ಗೋದಿಂದ. ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಅಲ್ಲಿ ಹೂವನ್ನೇ ನೋಡುತ್ತೇವೆ. ಇಲ್ಲಿ ಮಾತ್ರ ಹೂವಿಗೆ ಬೆನ್ನು ಹಾಕಿ ದೆವ್ವ ಹುಡುಕುತ್ತೇವೆ!

ಆ ಮನೆಯಲ್ಲಿ ನನಗೆ ತೀರಾ ಇಷ್ಟವಾದ ಜಾಗವೊಂದಿದೆ. ಉತ್ತರದ ಕಡೆ, ಕುಂಡಗಳನ್ನಿಡುವ ಗಾಜಿನ ಕೋಣೆ. ನೆಲ ಮರದ್ದು. ಮರದ ನೆಲದ ಮೇಲೆ ದಿನಾ ನೀರು ಹುಯ್ದರೆ ಏನಾಗುತ್ತದೆ, ಮಲೆನಾಡಿನವರು ಹೇಳಿ! ಅದಕ್ಕೇ ಆ ಹಲಗೆಗಳನ್ನು ಎತ್ತಿಡುವ ಹಾಗೆ ಮಾಡಿಸಿದ್ದಾರೆ. ಕೆಳಗೆ ಸತುವಿನ ತಗಡು. ಹಲಗೆ ಎತ್ತಿ ಗಿಡಗಳಿಗೆ ನೀರು ಹಾಕಿದರೆ ಹೆಚ್ಚಾದದ್ದು ತಗಡಿನ ಮೇಲೆ ಹರಿದು, ಕೊಳವೆಯಲ್ಲಿ ಇಳಿದು, ಕೆಳಗಿನ ತೋಟ ಸೇರುತ್ತದೆ. ಒಂದೇ ನೀರು, ಎರಡು ತೋಟ. ಬರಗಾಲ ಕಂಡ ಕ್ಯಾಲಿಫೋರ್ನಿಯಾದಲ್ಲಿ ಕೂತಿದ್ದೇವೆ, ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಈ ಏರ್ಪಾಡಿದೆ? ಹೇಳಿ, ಇದು ಭಯದಿಂದ ತಲೆಕೆಟ್ಟವರ ಕೆಲಸವೇ?

ಸತ್ತವರ ಜತೆ ಮಾತಾಡುತ್ತೇನೆ ಅನ್ನುವ ಒಬ್ಬ ಬಾಸ್ಟನ್ನಿನಲ್ಲಿ ಸಾರಾ ಅವರಿಗೆ, ನಿಮ್ಮ ಕಂಪನಿಯ ಬಂದೂಕಿಗೆ ಸತ್ತವರ ಆತ್ಮಗಳು ನಿನ್ನನ್ನು ಬಿಡುವುದಿಲ್ಲ, ಮನೆ ಕಟ್ಟುತ್ತಲೇ ಇರು ಅಂದನಂತೆ. ಅಂತೆ! ಇದಕ್ಕೆ ಪುರಾವೆ ಎಲ್ಲಿದೆ? ಹಗಲೂ ರಾತ್ರಿ ಎಡೆಬಿಡದೆ ಕೆಲಸ ನಡೆಯಿತು ಅನ್ನುತ್ತಾರೆ. ಅವರ ಕಾಗದಗಳನ್ನು ನೋಡಿದರೆ, ದಣಿವಾದಾಗ ಕೆಲಸಗಾರರನ್ನು ಕಳಿಸಿ ಸುಮ್ಮನೆ ಕೂತದ್ದೂ ಉಂಟು. 1906ರ ಭೂಕಂಪಕ್ಕೆ ಮನೆಯ ಏಳಂತಸ್ತಿನ ಗೋಪುರ ಬಿತ್ತು. ಹಾಳಾದ ಭಾಗಗಳನ್ನು ಮುಚ್ಚಿಸಿದರು. ಎಲ್ಲಿಗೂ ಹೋಗದ ಬಾಗಿಲುಗಳ ಗುಟ್ಟು ಬಹುಮಟ್ಟಿಗೆ ಇಷ್ಟೇ. ಮೆಟ್ಟಿಲುಗಳು ಅಷ್ಟು ತಗ್ಗಾಗಿರುವುದು ಅವರ ಸಂಧಿವಾತಕ್ಕೆ. ಮಂಡಿನೋವು ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆರು ವಾರದ ಮಗಳನ್ನು ಕಳೆದುಕೊಂಡಿದ್ದರು. 1881ರಲ್ಲಿ ಗಂಡ ಕ್ಷಯದಿಂದ ತೀರಿಕೊಂಡರು. ಅಂಥ ಹೆಣ್ಣುಮಗಳು ಕನೆಕ್ಟಿಕಟ್‌ನಿಂದ ಇಷ್ಟು ದೂರ ಬಂದು ಪ್ಲಮ್, ಏಪ್ರಿಕಾಟ್ ಬೆಳೆಸಿದರು. ಈ ಕಣಿವೆಯಲ್ಲಿ ಕಂಪ್ಯೂಟರ್ ಚಿಪ್‌ಗಳು ಬರುವ ಮೊದಲು ಇದ್ದದ್ದು ಹಣ್ಣಿನ ತೋಟಗಳೇ ತಾನೆ.

ಚೀಟಿ ಬಂತು, ಐದೇ ನಿಮಿಷವಂತೆ. ಗುಲಾಬಿ ಪಾತಿಗಳ ಬಗ್ಗೆ ಬರೆದುಕೊಂಡು ಬಂದದ್ದನ್ನು ಬಿಡುತ್ತೇನೆ. ಗಂಡನ ಹೆಸರಿನಲ್ಲಿ ಕನೆಕ್ಟಿಕಟ್‌ನಲ್ಲಿ ಕ್ಷಯರೋಗಿಗಳ ಆಸ್ಪತ್ರೆಗೆ ಹಣ ಕೊಟ್ಟದ್ದನ್ನು ಮಾತ್ರ ಹೇಳಲೇಬೇಕು. 1922ರಲ್ಲಿ ಅವರು ತೀರಿಕೊಂಡರು, ಮರುವರ್ಷವೇ ಮನೆಗೆ ಟಿಕೆಟ್ ಬಂತು. ಟಿಕೆಟ್ಟಿನ ಜತೆ ದೆವ್ವದ ಕಥೆಯೂ ಬೆಳೆಯಿತು.

ಮೇಳ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಲೇಸು, ಚಹಾದ ಅಂಗಡಿಗಳ ನಡುವೆ ಪ್ಲಮ್, ಏಪ್ರಿಕಾಟ್ ಸಸಿಗಳಿಗೂ ಒಂದು ಮೇಜು ಹಾಕಿಸಿ. ನೀವು ಹೋದಾಗ ಗೈಡನ್ನು ಆ ಸತುವಿನ ತಗಡು ಎಲ್ಲಿದೆ ಅಂತ ಕೇಳಿ. ಪಕ್ಕದಲ್ಲಿ ಮಕ್ಕಳೂ ಇರಲಿ.