ಫ್ಲಾಟ್ ನೋಡೋಕೆ ಹೋದಾಗ ಚಾವಣಿಯನ್ನೂ ನೋಡಿ

ಎಲ್ಲರಿಗೂ ನಮಸ್ಕಾರ. ಲಂಡನ್ನಿನಲ್ಲಿ ಮೊದಲ ಮನೆ ಹುಡುಕುತ್ತಿರುವವರು ಇಲ್ಲಿ ತುಂಬ ಜನ ಇದ್ದೀರಿ. ಅದರಲ್ಲಿ ಹಲವರು ಕೌನ್ಸಿಲ್ ಫ್ಲಾಟ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ ಕಟ್ಟಿಸಿದ ಫ್ಲಾಟ್ ಮೇಲೆ ಕಣ್ಣಿಟ್ಟಿದ್ದೀರಿ ಅಂತ ಕೇಳಿದೆ. ತಪ್ಪೇನಿಲ್ಲ. ರೂಮು ದೊಡ್ಡದು, ಗೋಡೆ ಗಟ್ಟಿ, ಬೆಲೆ ಅಕ್ಕಪಕ್ಕದ ಖಾಸಗಿ ಫ್ಲಾಟಿಗಿಂತ ಕಡಿಮೆ. ನಾನೂ ಅದನ್ನೇ ನೋಡಿ ಕೊಂಡೆ. ಮೂರನೇ ಚಳಿಗಾಲಕ್ಕೆ ಚಾವಣಿ ಕೆಲಸಕ್ಕೆ ಅಂತ ಕೌನ್ಸಿಲ್‌ನಿಂದ 13,860 ಪೌಂಡಿನ ಬಿಲ್ಲು ಬಾಗಿಲ ಸಂದಿಯಿಂದ ಒಳಗೆ ಬಿತ್ತು.

ಮೊದಲು ಲೀಸ್ ಅನ್ನೋ ಪದದ ಬಗ್ಗೆ ಹೇಳಬೇಕು. ಬೆಂಗಳೂರಿನಲ್ಲಿ ಲೀಸ್ ಅಂದರೆ ಭೋಗ್ಯ. ಒಂದಿಷ್ಟು ಗಂಟು ಕೊಟ್ಟು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಹೋಗುವಾಗ ಗಂಟು ವಾಪಸ್ ತಗೊಂಡು ಹೋಗೋದು. ಸೂರು ಸೋರಿದರೆ ಓನರ್‌ಗೆ ಫೋನ್ ಮಾಡಿದರೆ ಆಯಿತು. ಇಲ್ಲಿನ ಲೀಸ್ ಬೇರೆಯೇ. ಲಕ್ಷಗಟ್ಟಲೆ ಪೌಂಡ್ ಕೊಟ್ಟು ಕೊಂಡಿರುತ್ತೀರಿ, ಆದರೆ ಕಟ್ಟಡ ಕೌನ್ಸಿಲ್‌ದು. ಗೋಡೆಯ ಒಳಮೈ, ನೆಲ, ಅಡುಗೆಮನೆ ನಿಮ್ಮದು. ಚಾವಣಿ, ಹೊರಗೋಡೆ, ಮೆಟ್ಟಿಲು, ಲಿಫ್ಟು, ಎಲ್ಲರಿಗೂ ಸೇರಿದ ಪೈಪು, ಎಷ್ಟೋ ಕಡೆ ಕಿಟಕಿ ಕೂಡ ಕೌನ್ಸಿಲ್‌ದು. ರಿಪೇರಿ ಯಾವಾಗ, ಎಷ್ಟರಲ್ಲಿ ಅಂತ ತೀರ್ಮಾನಿಸುವುದು ಅವರು. ದುಡ್ಡಿನಲ್ಲಿ ನಿಮ್ಮ ಪಾಲು ನೀವು ಕಟ್ಟಬೇಕು.

1980ರ ಹೌಸಿಂಗ್ ಆಕ್ಟ್ ಕೌನ್ಸಿಲ್ ಬಾಡಿಗೆದಾರರಿಗೆ ತಮ್ಮ ಮನೆಯನ್ನೇ ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು. ಅದಕ್ಕೆ ರೈಟ್ ಟು ಬೈ ಅನ್ನುತ್ತಾರೆ. ಫ್ಲಾಟ್ ಆದರೆ ಸಾಮಾನ್ಯವಾಗಿ 125 ವರ್ಷದ ಲೀಸ್. ಹಾಗೆ ಕೊಂಡವರು ಮಾರಿದ ಫ್ಲಾಟುಗಳೇ ಈಗ ನಮ್ಮ ಕಣ್ಣಿಗೆ ಬೀಳುತ್ತಿರುವುದು. ಹಾಗಾಗಿ ಒಂದೇ ಮೆಟ್ಟಿಲ ಸಾಲಿನಲ್ಲಿ ಬಾಡಿಗೆದಾರರೂ ಇರುತ್ತಾರೆ, ಕೊಂಡವರೂ ಇರುತ್ತಾರೆ. ಬಾಡಿಗೆದಾರರ ಮನೆಯ ಪಾಲಿನ ಖರ್ಚು ಅವರು ಕಟ್ಟುವ ಬಾಡಿಗೆಯಿಂದ ಹೋಗುತ್ತದೆ. ನಾವು ನಮ್ಮ ಪಾಲು ಕೊಡದಿದ್ದರೆ ಆ ಹೊರೆ ಅವರ ಮೇಲೆ ಬೀಳುತ್ತದೆ. ಅದು ಅನ್ಯಾಯ ಅಲ್ವಾ? ಪಾಲು ಕೊಡಬೇಕು ಅನ್ನೋದರಲ್ಲಿ ನನಗೆ ತಕರಾರಿಲ್ಲ. ಎಷ್ಟು ಬರುತ್ತೆ ಅಂತ ತಿಳಿಯದೆ ಕೊಳ್ಳುತ್ತೀವಲ್ಲ, ನನ್ನ ಸಂಕಟ ಅದು.

ನಾವು ಕಟ್ಟುವ ಈ ಪಾಲಿಗೆ ಸರ್ವಿಸ್ ಚಾರ್ಜ್ ಅನ್ನುತ್ತಾರೆ. ಅದರಲ್ಲಿ ವರ್ಷಾ ವರ್ಷ ಬರುವ ಭಾಗ ಒಂದಿದೆ. ಕಸ ಗುಡಿಸೋದು, ಮೆಟ್ಟಿಲ ದೀಪ, ಲಿಫ್ಟು, ಕಟ್ಟಡದ ಇನ್ಶೂರೆನ್ಸ್, ಮ್ಯಾನೇಜ್‌ಮೆಂಟ್ ಫೀಸು. ವರ್ಷದ ಮೊದಲಿಗೆ ಅಂದಾಜು ಕಳಿಸುತ್ತಾರೆ, ಆಮೇಲೆ ನಿಜವಾದ ಲೆಕ್ಕ ಹಾಕಿ ಹೆಚ್ಚು ಕಡಿಮೆ ಸರಿ ಮಾಡುತ್ತಾರೆ. ಇದು ಹೇಗೋ ತೂಗುತ್ತದೆ. ಜನರನ್ನು ಕೆಡವೋದು ಇನ್ನೊಂದು: ಮೇಜರ್ ವರ್ಕ್ಸ್. ಚಾವಣಿ ಬದಲಿಸೋದು, ಕಿಟಕಿ, ಕಾಂಕ್ರೀಟ್ ರಿಪೇರಿ, ಲಿಫ್ಟ್ ಹೊಸದು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕಾರ್ಪಸ್ ಫಂಡ್ ಅಂತ ಮೊದಲೇ ಕಟ್ಟಿಸಿಕೊಂಡು ಇಂಥದ್ದಕ್ಕೆ ಎತ್ತಿಡುತ್ತಾರೆ. ಇಲ್ಲಿ ಹೆಚ್ಚಿನ ಕೌನ್ಸಿಲ್‌ಗಳಲ್ಲಿ ಆ ಹುಂಡಿಯೇ ಇಲ್ಲ. ಇಪ್ಪತ್ತು ವರ್ಷ ಏನೂ ಇಲ್ಲ, ಆಮೇಲೆ ಒಂದೇ ಸಲ ಸಾವಿರಗಟ್ಟಲೆ. ಹೌನ್ಸ್ಲೋ ಕೌನ್ಸಿಲ್‌ನ ಒಂದು ಕೇಸಿನಲ್ಲಿ ಒಬ್ಬ ಲೀಸ್‌ದಾರರಿಗೆ 55,000 ಪೌಂಡ್ ದಾಟಿದ ಬಿಲ್ಲು ಬಂದಿತ್ತು. ಆ ಕೇಸು 2017ರಲ್ಲಿ ಅಪೀಲು ಕೋರ್ಟಿನವರೆಗೂ ಹೋಯಿತು. ರಿಪೇರಿ ದಾಟಿ ಸುಧಾರಣೆ ಮಾಡುವಾಗ ಲೀಸ್‌ದಾರರ ಅಭಿಪ್ರಾಯವನ್ನೂ, ಅವರ ಜೇಬಿಗೆ ಬೀಳುವ ಭಾರವನ್ನೂ ಲೆಕ್ಕಕ್ಕೆ ತಗೋಬೇಕು ಅಂತ ಕೋರ್ಟು ಹೇಳಿತು.

ಇನ್ನು ನನ್ನ ಕಥೆ. ನಾಲ್ಕು ಮಹಡಿ, 24 ಫ್ಲಾಟು, ತಾರಸಿಯಂಥ ಚಪ್ಪಟೆ ಚಾವಣಿ. ಕೊಳ್ಳುವಾಗ ವಕೀಲರು ಕಳಿಸಿದ ಕಾಗದದ ಕಟ್ಟಿನಲ್ಲಿ 31ನೇ ಪುಟದಲ್ಲಿ ಒಂದು ಸಾಲಿತ್ತು: ಮುಂದಿನ ಎರಡು ಮೂರು ವರ್ಷಗಳಲ್ಲಿ ಚಾವಣಿ ಕೆಲಸದ ಯೋಚನೆ ಇದೆ. ವಕೀಲರು ಅದಕ್ಕೆ ಗುರುತು ಹಾಕಲಿಲ್ಲ. ನಾನು ಕೇಳಲಿಲ್ಲ. ಕೇಳಿದ್ದರೆ ಬೆಲೆ ಇಳಿಸಿ ಅನ್ನಬಹುದಿತ್ತು. ಇಲ್ಲವೇ ಮಾರುವವರ ದುಡ್ಡಿನಲ್ಲಿ ಒಂದು ಭಾಗವನ್ನು ವಕೀಲರ ಹತ್ತಿರ ಹಿಡಿದಿಡಿಸಬಹುದಿತ್ತು. ಅದಕ್ಕೆ ರಿಟೆನ್ಶನ್ ಅನ್ನುತ್ತಾರೆ. ಯಾಕೆಂದರೆ ಕೌನ್ಸಿಲ್ ಬಿಲ್ಲು ಕಳಿಸುವ ದಿನ ಫ್ಲಾಟು ಯಾರ ಹೆಸರಲ್ಲಿದೆಯೋ ಅವರನ್ನೇ ಕೇಳುತ್ತದೆ. ಚಾವಣಿ ಸವೆದಿದ್ದು ಹಿಂದಿನವರ ಮೂವತ್ತು ವರ್ಷದಲ್ಲಿ, ಕಟ್ಟಿದ್ದು ಬಂದು ಮೂರು ವರ್ಷವಾದ ನಾನು.

ಬಿಲ್ಲು ಬಂದಾಗ ಎರಡು ದಿನ ಸುಮ್ನೆ ಕೂತಿದ್ದೆ. ಆಮೇಲೆ ಖರ್ಚಿನ ವಿವರ ಕೇಳಿದೆ. ಲೆಕ್ಕದ ಸಾರಾಂಶ ಕೇಳುವ ಹಕ್ಕು ನಮಗಿದೆ. ಅದು ಕೈಗೆ ಬಂದ 6 ತಿಂಗಳೊಳಗೆ ಮೂಲ ಬಿಲ್ಲು, ರಸೀದಿ ತೋರಿಸಿ ಅಂತಲೂ ಕೇಳಬಹುದು. ಹೋಗಿ ಕೂತು ನೋಡಿದೆ. ಸ್ಕ್ಯಾಫೋಲ್ಡಿಂಗ್, ಅಂದರೆ ಕೆಲಸಕ್ಕೆ ಕಟ್ಟಡದ ಸುತ್ತ ನಿಲ್ಲಿಸುವ ಕಂಬಿಗಳು, 19 ವಾರ ಅಂತಿತ್ತು. ನನ್ನ ಫೋನಿನಲ್ಲಿ ಮಗಳ ಹುಟ್ಟುಹಬ್ಬದ ಫೋಟೋ ಇತ್ತು. ಕೇಕಿನ ಹಿಂದೆ ಕಿಟಕಿ, ಕಿಟಕಿಯ ತುಂಬ ಬಿಸಿಲು, ಒಂದು ಕಂಬಿಯೂ ಇಲ್ಲ. ಲೆಕ್ಕದ ಪ್ರಕಾರ ಆ ದಿನಕ್ಕೆ ಕಂಬಿಗಳು ಇನ್ನೂ ಆರು ವಾರ ಅಲ್ಲಿರಬೇಕಿತ್ತು. ಫೋಟೋ ಕಳಿಸಿದೆ. ನನ್ನ ಪಾಲಿಗೆ 640 ಪೌಂಡ್ ಇಳಿಯಿತು, ಉಳಿದ ಮನೆಗಳಿಗೂ ಇಳಿಯಿತು. ದೊಡ್ಡ ಮೊತ್ತ ಅಲ್ಲ. ಆದರೆ ಅಂದಿನಿಂದ ಕೆಲಸ ಶುರುವಾದ ದಿನ, ಮುಗಿದ ದಿನ ಫೋಟೋ ತೆಗೆದಿಡಿ ಅಂತ ಎಲ್ಲರಿಗೂ ಹೇಳುತ್ತೀನಿ.

ಸೆಕ್ಷನ್ 20 ನೋಟಿಸ್ ಅನ್ನೋ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ ಪ್ರಕಾರ ಒಂದು ಕೆಲಸಕ್ಕೆ ಯಾವುದಾದರೂ ಲೀಸ್‌ದಾರರ ಪಾಲು 250 ಪೌಂಡ್ ದಾಟುವುದಾದರೆ ಮೊದಲೇ ತಿಳಿಸಿ ಅಭಿಪ್ರಾಯ ಕೇಳಬೇಕು. ಸಾಮಾನ್ಯವಾಗಿ ಎರಡು ಸಲ, ಪ್ರತಿ ಸಲ 30 ದಿನ. ಕೌನ್ಸಿಲ್ ಮೊದಲೇ ಕಾಂಟ್ರಾಕ್ಟರ್ ಜೊತೆ ದೀರ್ಘ ಒಪ್ಪಂದ ಮಾಡಿಕೊಂಡಿದ್ದರೆ ಒಂದೇ ಸಲ. ಕೇಳದೇ ಹೋದರೆ, ಇಂಥ ತಕರಾರು ತೀರ್ಮಾನಿಸುವ ಟ್ರಿಬ್ಯುನಲ್ ವಿನಾಯಿತಿ ಕೊಡದ ಹೊರತು, 250 ಪೌಂಡಿಗಿಂತ ಜಾಸ್ತಿ ವಸೂಲಿ ಮಾಡುವಂತಿಲ್ಲ. ಇದು ಅಭಿಪ್ರಾಯ ಕೇಳುವುದಷ್ಟೇ, ಒಪ್ಪಿಗೆ ಕೇಳುವುದಲ್ಲ. ಆದರೂ ಬರೆಯಿರಿ. ಬರೆದಿಟ್ಟ ಪತ್ರ ಆಮೇಲೆ ಟ್ರಿಬ್ಯುನಲ್‌ನಲ್ಲಿ ನಿಮ್ಮ ಪರ ನಿಲ್ಲುತ್ತದೆ. ಖರ್ಚು ಮಾಡಿ 18 ತಿಂಗಳಾದರೂ ಬಿಲ್ಲು ಕಳಿಸದೆ, ಲಿಖಿತವಾಗಿ ತಿಳಿಸಿಯೂ ಇಲ್ಲದಿದ್ದರೆ, ಅದನ್ನು ವಸೂಲಿ ಮಾಡುವಂತೆಯೂ ಇಲ್ಲ.

ಫ್ಲೋರೀಸ್ ಲಾ ಇದೆಯಲ್ಲ ಅಂತ ಕೆಲವರು ಕೇಳುತ್ತೀರಿ. ನ್ಯೂಹ್ಯಾಮ್‌ನಲ್ಲಿದ್ದ 93 ವರ್ಷದ ಫ್ಲೋರೆನ್ಸ್ ಬೋರ್ನ್ ಅವರಿಗೆ 50,000 ಪೌಂಡ್ ಬಿಲ್ಲು ಬಂದ ಮೇಲೆ, 2014ರಲ್ಲಿ ಬಂದ ಮಿತಿ ಅದು. ಐದು ವರ್ಷಕ್ಕೆ ಲಂಡನ್ನಿನಲ್ಲಿ 15,000, ಹೊರಗೆ 10,000 ಪೌಂಡ್. ಆದರೆ ಕೆಲಸಕ್ಕೆ ಕೇಂದ್ರ ಸರ್ಕಾರದ ನೆರವು ಬಂದಿದ್ದರೆ ಮಾತ್ರ. ನಮ್ಮ ಚಾವಣಿಗೆ ಬಂದಿರಲಿಲ್ಲ. ಅದನ್ನು ನಂಬಿಕೊಂಡು ಫ್ಲಾಟ್ ಕೊಳ್ಳಬೇಡಿ. ನೀವೇ ಬಾಡಿಗೆದಾರರಾಗಿದ್ದು ರೈಟ್ ಟು ಬೈನಲ್ಲಿ ಕೊಳ್ಳುತ್ತಿದ್ದರೆ ಕೌನ್ಸಿಲ್ ಬೆಲೆ ತಿಳಿಸಿ ಕಳಿಸುವ ಸೆಕ್ಷನ್ 125 ನೋಟಿಸ್ ಜೋಪಾನ. ಅದರಲ್ಲಿ ಮೊದಲ ಐದು ವರ್ಷದ ರಿಪೇರಿ ಅಂದಾಜು ಇರುತ್ತದೆ, ಆ ಅವಧಿಯಲ್ಲಿ ಹಣದುಬ್ಬರ ಬಿಟ್ಟು ಅದನ್ನು ಮೀರುವಂತಿಲ್ಲ.

ಕೊಳ್ಳುವವರು ವಕೀಲರಿಗೆ ಎಲ್‌ಪಿಇ1 ಫಾರಂ ತರಿಸಿ ಅನ್ನಿ, ಸರ್ವಿಸ್ ಚಾರ್ಜು, ಮುಂದಿನ ಕೆಲಸಗಳ ಬಗ್ಗೆ ಕಟ್ಟಡದ ಒಡೆಯರು ಉತ್ತರ ತುಂಬಿ ಕೊಡುವ ಫಾರಂ ಅದು. ಕಳೆದ ಮೂರು ವರ್ಷದ ಲೆಕ್ಕ ಕೇಳಿ. ಕೊನೆಯ ಸಲ ಚಾವಣಿ, ಕಿಟಕಿ, ಲಿಫ್ಟು ಬದಲಿಸಿದ್ದು ಯಾವಾಗ ಅಂತ ಕೇಳಿ. ಫ್ಲಾಟ್ ನೋಡಲು ಹೋದ ದಿನ ಮೇಲಿನ ಮಹಡಿಯ ಮನೆಯ ಬೆಲ್ ಒತ್ತಿ, ಮಳೆ ಬಂದರೆ ಸೋರುತ್ತಾ ಅಂತ ವಿಚಾರಿಸಿ. ಏಜೆಂಟ್ ಹೇಳದಿದ್ದನ್ನು ಅವರು ಹೇಳುತ್ತಾರೆ.

ಬಿಲ್ಲು ಈಗಾಗಲೇ ಬಂದಿದ್ದರೆ ಕಟ್ಟದೆ ಸುಮ್ನೆ ಕೂರಬೇಡಿ, ಮನೆಗೇ ಕುತ್ತು ಬರಬಹುದು. ಕಂತು ಕೇಳಿ. ಸ್ವಂತ ಮನೆಯಲ್ಲೇ ಇರುವವರಿಗೆ ಹಲವು ಕೌನ್ಸಿಲ್‌ಗಳು ಬಡ್ಡಿ ಇಲ್ಲದೆ ಕೊಡುತ್ತವೆ. ಖರ್ಚು ಅತಿಯಾಯಿತು ಅನಿಸಿದರೆ ಫಸ್ಟ್ ಟಿಯರ್ ಟ್ರಿಬ್ಯುನಲ್ ಇದೆ. ಅದಕ್ಕೂ ಮೊದಲು ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್‌ನವರನ್ನು ಮಾತಾಡಿಸಿ, ಸಲಹೆ ಉಚಿತ.

ಲೀಸ್ ಕಾಗದ ತಂದಿರುವವರು ನಾಲ್ಕೈದು ಜನ ಕಾಣುತ್ತಿದ್ದೀರಿ. ಕಾಫಿ ಹೊತ್ತಿನಲ್ಲಿ ಕಿಟಕಿ ಪಕ್ಕದ ಮೇಜಿಗೆ ಬನ್ನಿ. ನಿಮ್ಮ ಕಿಟಕಿ ಯಾರದು ಅನ್ನೋದರಿಂದ ಶುರು ಮಾಡೋಣ.