ಕಂಬ ಎಲ್ಲಿದೆ, ಧರೆ ಎಲ್ಲಿದೆ: ಮಲೆನಾಡಿನ ವಿದ್ಯುತ್ ಜಾಲಕ್ಕೊಂದು ಅಪಾಯದ ನಕ್ಷೆ

[ದೃಶ್ಯ: ತೀರ್ಥಹಳ್ಳಿ ಸೀಮೆಯ ರಸ್ತೆ. ಬಲಗಡೆ ಕಡಿದ ಧರೆ, ಹೊರಬಿದ್ದ ಬೇರುಗಳು, ಧರೆಯ ತುದಿಯಲ್ಲಿ ಸಿಮೆಂಟ್ ಕಂಬ.]

ನಿರೂಪಣೆ:
ಈ ಕಂಬ ನೋಡಿ. 9 ಮೀಟರ್ ಉದ್ದದ ಸಿಮೆಂಟ್ ಕಂಬ. ಅದರಲ್ಲಿ ಒಂದೂವರೆ ಮೀಟರ್ ಮಣ್ಣಿನೊಳಗಿದೆ. ಸಾಮಾನ್ಯವಾಗಿ ಕಂಬದ ಉದ್ದದ ಆರನೇ ಒಂದು ಭಾಗ ನೆಲದಲ್ಲಿ ಹೂಳುತ್ತಾರೆ. ರಸ್ತೆ ಅಗಲ ಮಾಡುವಾಗ ಗುಡ್ಡ ಕಡಿದಿದ್ದಾರೆ. ಹಾಗೆ ಕಡಿದು ನಿಂತ ಮಣ್ಣಿನ ಗೋಡೆಯೇ ಧರೆ. ಅದರ ಎತ್ತರ 5 ಮೀಟರ್, ಕಂಬದ ಬುಡಕ್ಕೂ ಧರೆಯ ಅಂಚಿಗೂ ಉಳಿದಿರೋದು 2 ಮೀಟರ್. ಆರಿದ್ರಾ ಮಳೆ ಹಿಡಿದು ಮಣ್ಣು ನೆನೆದರೆ ಈ ಧರೆ ಜರುಗುತ್ತೆ. ಕಂಬವೂ ಅದರ ಜೊತೆಗೇ ಬರುತ್ತೆ.

ಈ ಕಂಬದ ಮೇಲೆ ಹೋಗಿರೋದು 11 ಕೆವಿ ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದ ಊರುಗಳಿಗೆ 11,000 ವೋಲ್ಟಿನಲ್ಲಿ ಕರೆಂಟ್ ತರುವ ಲೈನ್. ಮುಂದಿನ ಊರಿನ ಕುಡಿಯುವ ನೀರಿನ ಪಂಪು, ಆರೋಗ್ಯ ಕೇಂದ್ರ, ಮೊಬೈಲ್ ಟವರ್ ಮೂರೂ ಇದರಿಂದಲೇ ನಡೆಯೋದು. ಈ ಒಂದು ಕಂಬ ಬಿದ್ದರೆ ಇನ್ನೇನೇನು ನಿಲ್ಲುತ್ತೆ ಅನ್ನೋದು ನಕ್ಷೆಯಲ್ಲಿ ಕಾಣಬೇಕು. ಬರೀ ಗೆರೆ ಎಳೆದ ನಕ್ಷೆ ಅದನ್ನು ಹೇಳಲ್ಲ.

[ದೃಶ್ಯ: ಶರಾವತಿ ಕಣಿವೆಯ ನಕ್ಷೆ. ಒಂದೊಂದೇ ಚುಕ್ಕಿ ಬೆಳಗುತ್ತದೆ.]

ಮೊದಲು ದೊಡ್ಡದರಿಂದ ಶುರು ಮಾಡೋಣ. 1964ರಲ್ಲಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು. ಅದರ ಪೂರ್ಣ ಮಟ್ಟ 1819 ಅಡಿ ಅನ್ನೋದು ಸಾಗರದ ಕಡೆ ಮಕ್ಕಳಿಗೂ ಬಾಯಿಪಾಠ. ಅಣೆಕಟ್ಟಿನ ಬುಡದಲ್ಲೇ 55 ಮೆಗಾವಾಟ್‌ನ ವಿದ್ಯುದಾಗಾರ. ಅಲ್ಲಿಂದ ನೀರು ತಲಕಳಲೆ ಜಲಾಶಯಕ್ಕೆ ಹೋಗಿ, ಪೆನ್‌ಸ್ಟಾಕ್ ಕೊಳವೆಗಳಲ್ಲಿ ಇಳಿದು, ಶರಾವತಿ ವಿದ್ಯುದಾಗಾರದ 10 ಘಟಕಗಳನ್ನು ತಿರುಗಿಸುತ್ತೆ. ಒಂದೊಂದು ಘಟಕ 103.5 ಮೆಗಾವಾಟ್, ಒಟ್ಟು 1035. ಕೆಳಗೆ ಗೇರುಸೊಪ್ಪದಲ್ಲಿ ಮತ್ತೆ 240. ಇತ್ತ ವಾರಾಹಿಯದು ನೆಲದೊಳಗಿನ ವಿದ್ಯುದಾಗಾರ, 460 ಮೆಗಾವಾಟ್.

ಇಲ್ಲಿ ನೀರಿಗೆ ಎರಡು ದಾರಿಗಳಿವೆ. ನಕ್ಷೆಯಲ್ಲಿ ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸಿ. ವಿದ್ಯುತ್ ತಯಾರಿಸುವ ನೀರು ತಲಕಳಲೆ ಮೂಲಕ ಹೋಗುತ್ತೆ. ಲಿಂಗನಮಕ್ಕಿಯ 11 ಗೇಟುಗಳಿಂದ ಬಿಟ್ಟ ನೀರು ಜೋಗದ ಮೇಲಿಂದ ಧುಮುಕಿ, ನದಿಯಲ್ಲೇ ಹರಿದು ಗೇರುಸೊಪ್ಪ ಸೇರುತ್ತೆ. ಆಮೇಲೆ ಹೊನ್ನಾವರ ತಾಲೂಕಿನ ನದಿದಂಡೆಯ ಊರುಗಳು. ಒಂದೇ ಗೆರೆಯಲ್ಲಿ ಎರಡನ್ನೂ ಕಲಸಿಬಿಟ್ಟರೆ ಗೇಟು ತೆಗೆದ ದಿನ ಯಾವ ಊರಿಗೆ ಮೊದಲು ಸುದ್ದಿ ಹೋಗಬೇಕು ಅನ್ನೋದೇ ಗೊತ್ತಾಗಲ್ಲ. ಇನ್ನೊಂದು ಮಾತು. ಗೇಟು ಎತ್ತುವ ಮೋಟಾರಿಗೂ ಕರೆಂಟ್ ಬೇಕು. ಆದ್ದರಿಂದ ಯಾವುದೇ ಅಣೆಕಟ್ಟಿನ ಮಾಹಿತಿಯಲ್ಲಿ ಗೇಟಿಗೆ ಬರುವ ಫೀಡರ್ ಯಾವುದು, ಜನರೇಟರ್ ಇದೆಯೇ ಅನ್ನೋದು ಸೇರಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ತನ್ನ ವ್ಯಾಪ್ತಿಯ ಅಣೆಕಟ್ಟುಗಳಿಗೆ ತುರ್ತು ಕ್ರಿಯಾ ಯೋಜನೆ ಇರಲೇಬೇಕು ಅನ್ನುತ್ತೆ. ಈ ಮಾಹಿತಿಯನ್ನು ನೀವು ಒಳಗೆ ನುಗ್ಗಿ ತರಬೇಕಾಗಿಲ್ಲ, ತರಲೂಬಾರದು. ಅಣೆಕಟ್ಟು, ವಿದ್ಯುದಾಗಾರಗಳು ನಿಷೇಧಿತ ಜಾಗ. ಫೋಟೋ ಬೇಡ, ಡ್ರೋನ್ ಬೇಡ. ಕೇಳಿ ಪಡೆಯಿರಿ.

[ದೃಶ್ಯ: ಕಂಪ್ಯೂಟರ್ ಪರದೆ. ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದಿದೆ, ಕಾಡಿನ ನಡುವೆ ನೇರವಾದ ತೆರವು ಪಟ್ಟಿ.]

ಈಗ ಲೈನ್ ಗುರುತಿಸುವ ಕೆಲಸ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಆನ್‌ಲೈನ್ ನಕ್ಷೆಗೆ ಯಾರು ಬೇಕಾದರೂ ಸೇರಿಸಬಹುದು. ಓಪನ್‌ಇನ್‌ಫ್ರಾಮ್ಯಾಪ್ ಅನ್ನೋ ತಾಣ ಅದರೊಳಗಿನ ವಿದ್ಯುತ್, ದೂರಸಂಪರ್ಕದಂಥ ಮೂಲಸೌಕರ್ಯವನ್ನು ಬಣ್ಣ ಹಾಕಿ ತೋರಿಸುತ್ತೆ. ನಿಮ್ಮ ತಾಲೂಕಿನಲ್ಲಿ ಈಗಾಗಲೇ ಏನಿದೆ ಅಂತ ಮೊದಲು ಅಲ್ಲಿ ನೋಡಿಕೊಳ್ಳಿ.

ದೊಡ್ಡ ಲೈನ್‌ಗಳು ಉಪಗ್ರಹ ಚಿತ್ರದಲ್ಲೇ ಸಿಗುತ್ತವೆ. ಕಾಡಿನಲ್ಲಿ 220 ಕೆವಿ ಲೈನಿಗೆ 35 ಮೀಟರ್ ಅಗಲ, 110 ಕೆವಿಗೆ 22 ಮೀಟರ್ ಅಗಲದ ದಾರಿ. ಆ ಪಟ್ಟಿ ಎದ್ದು ಕಾಣುತ್ತೆ. ಜನವರಿಯಿಂದ ಮಾರ್ಚ್‌ವರೆಗಿನ ಚಿತ್ರ ಆರಿಸಿಕೊಳ್ಳಿ. ಮೋಡ ಇರಲ್ಲ, ಬೆಳಿಗ್ಗೆಯ ಬಿಸಿಲಿಗೆ ಟವರಿನ ನೆರಳು ಉದ್ದಕ್ಕೆ ಬಿದ್ದಿರುತ್ತೆ. ನೆರಳು ಹಿಡಿದು ಹೋಗಿ ಬುಡದಲ್ಲಿ ಚುಕ್ಕಿ ಇಡಿ. ಬಹಳ ಜನ ಟವರಿನ ತಲೆಯ ಮೇಲೆ ಚುಕ್ಕಿ ಇಡುತ್ತಾರೆ. ಚಿತ್ರ ಓರೆಯಾಗಿ ತೆಗೆದಿದ್ದರೆ ತಲೆಗೂ ಬುಡಕ್ಕೂ ಹತ್ತಾರು ಮೀಟರ್ ವ್ಯತ್ಯಾಸ ಬರಬಹುದು. ಗುಡ್ಡದ ಇಳಿಜಾರಿನಲ್ಲಿ ಅದು ದೊಡ್ಡ ತಪ್ಪು.

11 ಕೆವಿ ಲೈನ್ ಮಾತ್ರ ಮೇಲಿಂದ ಸಿಗಲ್ಲ. ಅಡಿಕೆ ತೋಟ, ಸೊಪ್ಪಿನಬೆಟ್ಟ, ಅಕೇಶಿಯಾ ಪ್ಲಾಂಟೇಶನ್ ಎಲ್ಲ ಮುಚ್ಚಿಬಿಟ್ಟಿರುತ್ತೆ. ಅದಕ್ಕೆ ರಸ್ತೆಯಲ್ಲಿ ನಡೆದೇ ಆಗಬೇಕು.

[ದೃಶ್ಯ: ಇನ್ಸುಲೇಟರ್ ಬಿಲ್ಲೆಗಳ ಸರಣಿ, ಹತ್ತಿರದ ನೋಟ. ಎಣಿಸುವ ಬೆರಳು.]

ಎಷ್ಟು ಕೆವಿ ಅಂತ ತಿಳಿಯೋದು ಹೇಗೆ? ಪಿಂಗಾಣಿ ಬಿಲ್ಲೆಗಳನ್ನು ಎಣಿಸಿ. 33 ಕೆವಿಗೆ ಸಾಮಾನ್ಯವಾಗಿ 3 ಬಿಲ್ಲೆ. 66 ಕೆವಿಗೆ 5ರ ಆಸುಪಾಸು, 110ಕ್ಕೆ 7ರಿಂದ 9, 220ಕ್ಕೆ 13ರಿಂದ 15, 400ಕ್ಕೆ 23 ಇಲ್ಲವೇ ಅದಕ್ಕಿಂತ ಹೆಚ್ಚು. ಈಗೀಗ ಪಿಂಗಾಣಿ ಬದಲು ಪಾಲಿಮರ್ ಇನ್ಸುಲೇಟರ್ ಬರುತ್ತಿದೆ, ಅಲ್ಲಿ ಈ ಲೆಕ್ಕ ನಡೆಯಲ್ಲ. ಆಗ ಟವರಿನ ಫಲಕ ಓದಿ. ತಂತಿ 3 ಇದ್ದರೆ ಒಂದು ಸರ್ಕ್ಯೂಟ್, 6 ಇದ್ದರೆ ಎರಡು. ತುತ್ತತುದಿಯಲ್ಲಿ ಹೋಗುವ ತೆಳು ತಂತಿ ಸಿಡಿಲಿನ ರಕ್ಷಣೆಗೆ, ಅದನ್ನು ಲೆಕ್ಕಕ್ಕೆ ಸೇರಿಸಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ವೋಲ್ಟೇಜ್ ಜಾಗದಲ್ಲಿ 110 ಅಂತ ಬರೆದರೆ ಅದು 110 ವೋಲ್ಟ್ ಆಗಿಬಿಡುತ್ತೆ. ಅಲ್ಪವಿರಾಮ ಇಲ್ಲದೆ, ಘಟಕ ಬರೆಯದೆ, 110000 ಅಂತ ಬರೆಯಬೇಕು.

ಕಂಬದ ಜಾಗ ಹಿಡಿಯುವಾಗ ಫೋನಿನ ಜಿಪಿಎಸ್ ನಂಬಿ ಕೆಡಬೇಡಿ. ದಟ್ಟ ಮರದಡಿ 10-15 ಮೀಟರ್ ಆಚೀಚೆ ಆಗೋದು ಮಾಮೂಲು. ಬಯಲುಸೀಮೆಯಲ್ಲಿ ಅದರಿಂದ ನಷ್ಟ ಇಲ್ಲ. ಇಲ್ಲಿ ಧರೆಯ ಮೇಲಿರುವ ಕಂಬ ನಕ್ಷೆಯಲ್ಲಿ ಧರೆಯ ಕೆಳಗೆ ಇಳಿದುಬಿಡುತ್ತೆ. ಒಂದು ನಿಮಿಷ ನಿಂತು ಸರಾಸರಿ ತೆಗೆದುಕೊಳ್ಳಿ, ಕಂಬದ ಸಂಖ್ಯೆ ಓದುವಂತೆ ಫೋಟೋ ತೆಗೆಯಿರಿ. "ಧರೆಯ ಮೇಲೆ" ಅಥವಾ "ಧರೆಯ ಕೆಳಗೆ" ಅನ್ನೋದನ್ನು ಕೈಯಲ್ಲೇ ಬರೆದುಕೊಳ್ಳಿ. ಈ ಎರಡು ಪದ ಯಾವ ಉಪಗ್ರಹದಿಂದಲೂ ಸಿಗಲ್ಲ.

[ದೃಶ್ಯ: ನೋಟ್‌ಬುಕ್ಕಿನ ಪುಟ, ಪೆನ್ಸಿಲ್ ಬರಹ.]

ಕಂಬದ ಹತ್ತಿರ ಇನ್ನೇನು ಬರೆಯಬೇಕು? ಧರೆಯ ಎತ್ತರ, ಅಂಚಿನಿಂದ ಬುಡಕ್ಕೆ ದೂರ. ದೂರ ಎತ್ತರಕ್ಕಿಂತ ಕಡಿಮೆ ಇದ್ದರೆ ಕೆಂಪು ಗುರುತು ಹಾಕಿ. ಇದು ಕೈಯಳತೆಯ ಅಂದಾಜು, ಮಣ್ಣು ಪರೀಕ್ಷೆಗೆ ಬದಲಿ ಅಲ್ಲ. ಆದರೆ ನೂರು ಕಂಬದಲ್ಲಿ ಯಾವ ಹತ್ತನ್ನು ಎಂಜಿನಿಯರ್ ಮೊದಲು ನೋಡಬೇಕು ಅಂತ ಆರಿಸಲು ಸಾಕು. ಜಂಬಿಟ್ಟಿಗೆ, ಅಂದರೆ ಕೆಂಪು ಮುರಕಲ್ಲು, ಗಟ್ಟಿ ಕಾಣುತ್ತೆ, ಆದರೆ ಅದರಡಿಯ ಜೇಡಿ ಮೆತ್ತಗಾದರೆ ಮೇಲಿನದು ಹಲಗೆಯಂತೆ ಕಳಚುತ್ತೆ. ಧರೆಯ ತಲೆಯ ಮೇಲೆ ನೀರು ನಿಲ್ಲುವ ಗುಂಡಿ ಅಥವಾ ಕಟ್ಟಿಕೊಂಡ ಚರಂಡಿ ಇದೆಯೇ ನೋಡಿ. ಇಳಿಜಾರಿನಲ್ಲಿ ಜೆಸಿಬಿ ತೋಡಿದ ಇಂಗುಗುಂಡಿ ಒಳ್ಳೆಯ ಉದ್ದೇಶದ್ದೇ ಇರಬಹುದು, ಆದರೆ ಕಡಿದ ಧರೆಯ ನೆತ್ತಿಯಲ್ಲಿದ್ದರೆ ಅದು ಧರೆಗೆ ನೀರು ಕುಡಿಸುತ್ತೆ. ಕಂಬ ಓರೆಯಾಗಿದೆಯೇ, ಅದನ್ನು ಎಳೆದು ಹಿಡಿದ ಸ್ಟೇ ವೈರ್ ಸಡಿಲವೇ, ಮೇಲೆ ಒಣಗಿದ ಮರ ಬಾಗಿದೆಯೇ ಬರೆದುಕೊಳ್ಳಿ. ತಂತಿ ಹರಿದು ಬಿದ್ದಿದ್ದರೆ 10 ಮೀಟರ್ ಒಳಗೆ ಹೋಗಲೇಬೇಡಿ. ನೆನೆದ ನೆಲದಲ್ಲಿ ಎರಡು ಹೆಜ್ಜೆಯ ನಡುವಿನ ವೋಲ್ಟೇಜೇ ಜೀವ ತೆಗೆಯುತ್ತೆ. ವಿದ್ಯುತ್ ಕಂಪನಿ ಮೆಸ್ಕಾಂಗೆ ಕಂಬದ ಸಂಖ್ಯೆ ಹೇಳಿ.

ತೋಟದ ನಡುವೆ ಹೋದ ಲೈನನ್ನು ಬೇರೆಯಾಗಿ ಗುರುತಿಸಿ. ಅಡಿಕೆ ಕೊನೆ ಕೊಯ್ಯುವ ಉದ್ದನೆಯ ಅಲ್ಯೂಮಿನಿಯಂ ದೋಟಿ ತಂತಿಗೆ ತಗುಲಿದರೆ ಏನಾಗುತ್ತೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ದೋಟಿಯೂ ಕರೆಂಟ್ ಹರಿಸುತ್ತೆ ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಹಗುರ ಇದೆ, ಕಪ್ಪಗಿದೆ ಅಂತ ಅದು ಪ್ಲಾಸ್ಟಿಕ್ ಅಲ್ಲ.

[ದೃಶ್ಯ: ಕ್ಯೂಜಿಐಎಸ್ ತೆರೆ. ಇಳಿಜಾರಿನ ಬಣ್ಣದ ಪದರ, ಅದರ ಮೇಲೆ ಲೈನ್.]

ಇದನ್ನೆಲ್ಲ ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶಕ್ಕೆ ತನ್ನಿ. ಮೊದಲು ಎಲ್ಲ ಪದರಗಳನ್ನೂ ಮೀಟರಿನಲ್ಲಿ ಅಳೆಯುವ ಯುಟಿಎಂ 43 ಉತ್ತರ ವಲಯಕ್ಕೆ, ಅಂದರೆ ಇಪಿಎಸ್‌ಜಿ 32643ಕ್ಕೆ ಬದಲಿಸಿ. ಬದಲಿಸದೆ "20" ಅಂತ ಬಫರ್, ಅಂದರೆ ಲೈನಿನ ಸುತ್ತಲಿನ ಪಟ್ಟಿ, ಕೊಟ್ಟರೆ ಅದು 20 ಮೀಟರ್ ಆಗಲ್ಲ, 20 ಡಿಗ್ರಿ ಆಗುತ್ತೆ. ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್.

ಎತ್ತರದ ಮಾಹಿತಿಗೆ ಇಸ್ರೋದ ಭುವನ್ ತಾಣದಲ್ಲಿ ಕಾರ್ಟೋಡೆಮ್ ಅನ್ನೋ ಎತ್ತರದ ಮಾದರಿ ಇದೆ, ಯುರೋಪಿನ ಕೋಪರ್ನಿಕಸ್‌ನ 30 ಮೀಟರ್ ಮಾದರಿಯೂ ಇದೆ. ಭೂಕುಸಿತ ಸಾಧ್ಯತೆಯ ನಕ್ಷೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 1:50,000 ಅಳತೆಯಲ್ಲಿ ಮಾಡಿದೆ, ಭೂಕೋಶ್ ತಾಣದಲ್ಲಿ ಸಿಗುತ್ತೆ. ಎರಡೂ ಬೇಕು. ಆದರೆ ಇಲ್ಲೇ ಎಲ್ಲರೂ ಎಡವೋದು. 30 ಮೀಟರ್ ಚೌಕಕ್ಕೆ ಒಂದೇ ಎತ್ತರ ಕೊಡುವ ಮಾದರಿಗೆ 5 ಮೀಟರ್ ಧರೆ ಕಾಣೋದೇ ಇಲ್ಲ. ರಸ್ತೆ ಕಡಿದ ಜಾಗ ಅದರಲ್ಲಿ ನುಣುಪಾದ ಇಳಿಜಾರು. 1:50,000 ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್. ಇವು ಯಾವ ಗುಡ್ಡ ಅಪಾಯದ್ದು ಅಂತ ಹೇಳುತ್ತವೆ, ಯಾವ ಕಂಬ ಅಂತ ಹೇಳಲ್ಲ. ಕಂಪ್ಯೂಟರ್ ಹಸಿರು ತೋರಿಸಿತು ಅಂತ ನೋಟ್‌ಬುಕ್ಕಿನ ಕೆಂಪನ್ನು ಅಳಿಸಬೇಡಿ.

[ದೃಶ್ಯ: ಮಳೆಗಾಲದ ರೇಡಾರ್ ಚಿತ್ರ, ಕಪ್ಪು ಬಿಳುಪು.]

ಪ್ರವಾಹಕ್ಕೆ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರ ಉಪಯೋಗ. ಮೋಡದ ಮೂಲಕವೂ ನೋಡುತ್ತೆ. ನಿಂತ ನೀರು ಅದರಲ್ಲಿ ಕಪ್ಪು. ಆದರೆ ಘಾಟಿಯಲ್ಲಿ ಗುಡ್ಡದ ಮರೆಗೆ ಬಿದ್ದ ಜಾಗವೂ ಕಪ್ಪಾಗಿಯೇ ಕಾಣುತ್ತೆ. ಇಳಿಜಾರು 5 ಡಿಗ್ರಿಗಿಂತ ಹೆಚ್ಚಿರುವ ಕಡೆಯ "ನೀರ"ನ್ನು ತೆಗೆದುಹಾಕಿ. ಅಡಿಕೆ ತೋಟದೊಳಗೆ ನಿಂತ ನೀರು ಈ ರೇಡಾರಿಗೆ ಸರಿಯಾಗಿ ಕಾಣಲ್ಲ. ಅದಕ್ಕೆ ಹಳೆಯ ಪ್ರವಾಹದ ಗುರುತನ್ನು ಗೋಡೆಯ ಮೇಲಿಂದಲೇ ಅಳೆಯಬೇಕು. 2019ರ ಆಗಸ್ಟಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಹೊಳೆದಂಡೆಯ ಮನೆಯವರು ಕೈ ಮಾಡಿ ತೋರಿಸುತ್ತಾರೆ. ಟ್ರಾನ್ಸ್‌ಫಾರ್ಮರ್ ಇರುವ ಕಟ್ಟೆಯ ಎತ್ತರ ಅದಕ್ಕಿಂತ ಮೇಲಿದೆಯೇ, ಟೇಪ್ ಹಿಡಿದು ನೋಡಿ. ಶಿವಮೊಗ್ಗ ಪೇಟೆಗೆ ಇದು ಇನ್ನೂ ಮುಖ್ಯ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಸುಮಾರು 3.24 ಟಿಎಂಸಿ. ಮುಂಗಾರಿನಲ್ಲಿ ಬೇಗ ತುಂಬುತ್ತೆ. ತುಂಬಿದ ಮೇಲೆ ಶೃಂಗೇರಿ, ತೀರ್ಥಹಳ್ಳಿ ಕಡೆ ಬಿದ್ದ ಮಳೆ ತಡೆಯಿಲ್ಲದೆ ಊರಿಗೇ ಬರುತ್ತೆ.

ಪೆಟ್ರೋಲ್ ಬಂಕ್‌ಗಳನ್ನೂ, ಗ್ಯಾಸ್ ಗೋಡೌನ್‌ಗಳನ್ನೂ ಬಿಡಬೇಡಿ. 20,000 ಲೀಟರಿನ ನೆಲದೊಳಗಿನ ಟ್ಯಾಂಕ್ ಖಾಲಿಯಿದ್ದು, ಸುತ್ತ ನೀರು ತುಂಬಿದರೆ, ಮೇಲೆತ್ತುವ ಬಲ ಸುಮಾರು 20 ಟನ್. ಟ್ಯಾಂಕಿನ ಸ್ವಂತ ತೂಕ ಕೆಲವೇ ಟನ್. ಸರಿಯಾಗಿ ಬಿಗಿದಿರದಿದ್ದರೆ ಅದು ನೆಲ ಒಡೆದು ತೇಲುತ್ತೆ, ಕೊಳವೆ ಕಿತ್ತುಬರುತ್ತೆ, ಎಣ್ಣೆ ಹೊಳೆಗೆ ಸೇರುತ್ತೆ. ಸಬ್‌ಸ್ಟೇಷನ್ನಿನಲ್ಲೂ ಎಣ್ಣೆಯದೇ ಚಿಂತೆ. 2,000 ಲೀಟರಿಗಿಂತ ಹೆಚ್ಚು ಎಣ್ಣೆಯಿರುವ ಟ್ರಾನ್ಸ್‌ಫಾರ್ಮರಿಗೆ ಎಣ್ಣೆ ಇಳಿಯುವ ಗುಂಡಿ ಇರಬೇಕು ಅಂತ ನಿಯಮ. ಆ ಗುಂಡಿಯಲ್ಲಿ ಮಳೆನೀರು ತುಂಬಿದ್ದರೆ ಎಣ್ಣೆ ಮೇಲೆ ತೇಲಿ ಚರಂಡಿಗೆ ಹೋಗುತ್ತೆ. ಆದ್ದರಿಂದ ಸಬ್‌ಸ್ಟೇಷನ್ ಚುಕ್ಕಿಯ ಜೊತೆ, ಅಲ್ಲಿಂದ ಚರಂಡಿ ಯಾವ ಹಳ್ಳಕ್ಕೆ ಹೋಗುತ್ತೆ ಅನ್ನೋ ಗೆರೆಯೂ ಇರಲಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರುಗಿದಾಗ ಗ್ಯಾಸ್ ಟ್ಯಾಂಕರ್ ಗಂಗಾವಳಿ ನದಿ ಸೇರಿತ್ತು. ಟ್ಯಾಂಕರುಗಳು ತಂಗುವ ಜಾಗವೂ ನಕ್ಷೆಗೆ ಬರಬೇಕಾದದ್ದೇ.

[ದೃಶ್ಯ: ಬೇಸಿಗೆ. ಒಣಹುಲ್ಲಿನ ಗುಡ್ಡ, ಮೇಲೆ ತಂತಿ.]

ಬೇಸಿಗೆಯಲ್ಲಿ ಕೆಲಸ ಬೇರೆ. 2018ರ ನವೆಂಬರ್ 8ರಂದು ಅಮೆರಿಕದ ಪ್ಯಾರಡೈಸ್ ಪಟ್ಟಣವನ್ನು ಸುಟ್ಟ ಬೆಂಕಿಯಲ್ಲಿ 85 ಜನ ಸತ್ತರು. ಸುಮಾರು ನೂರು ವರ್ಷ ಹಳೆಯ ಲೈನಿನ ಟವರಿನಲ್ಲಿ ಸವೆದ ಒಂದು ಕೊಕ್ಕೆ ಮುರಿದದ್ದೇ ಅದರ ಮೂಲ. ಹಾಗಾಗಿ ಟವರಿನ ವಯಸ್ಸು, ತುಕ್ಕು, ಬುಡದ ಒಣಹುಲ್ಲು ದಾಖಲಾಗಲಿ. ಉಪಗ್ರಹ ಕೊಡುವ ಬೆಂಕಿ ಚುಕ್ಕಿಗಳನ್ನು ಹೋಲಿಸುವಾಗ ಎಚ್ಚರ. ವಿಐಐಆರ್‌ಎಸ್ ಅನ್ನೋ ಉಪಗ್ರಹ ಉಪಕರಣದ ಚುಕ್ಕಿ ಅಂದರೆ 375 ಮೀಟರ್ ಚೌಕದೊಳಗೆ ಎಲ್ಲೋ ಬೆಂಕಿಯಿದೆ ಅಂತ. ಲೈನಿನಿಂದ 35 ಮೀಟರ್ ಬಫರ್ ಹಾಕಿ ಹುಡುಕಿದರೆ ಬಹುಪಾಲು ತಪ್ಪಿಹೋಗುತ್ತೆ, ಕನಿಷ್ಠ 400 ಮೀಟರ್ ಇಡಿ.

[ದೃಶ್ಯ: ಗ್ರಾಮ ಪಂಚಾಯಿತಿ ಗೋಡೆ, ಅಂಟಿಸಿದ ಮುದ್ರಿತ ನಕ್ಷೆ.]

ಮಳೆಯ ಲೆಕ್ಕಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ಹವಾಮಾನ ಇಲಾಖೆಯ ಪ್ರಕಾರ ದಿನಕ್ಕೆ 115.6 ಮಿಲಿಮೀಟರ್ ದಾಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಧಿಕ. ಆಗುಂಬೆ, ಹುಲಿಕಲ್‌ಗೆ ಒಂದು ದಿನದ ಇಂಥ ಮಳೆ ಹೊಸದಲ್ಲ. ಬಿಡುವು ಕೊಡದೆ ನಾಲ್ಕೈದು ದಿನ ಹೊಡೆದ ಮೇಲೆ ಬರುವ ಜೋರು ಮಳೆಯೇ ಧರೆಗೆ ಕಷ್ಟ. ಹಾಗಾಗಿ ದಿನದ ಮಳೆಯ ಜೊತೆ ಹಿಂದಿನ ಐದು ದಿನದ ಮೊತ್ತವನ್ನೂ ಬರೆದಿಡಿ.

ನಕ್ಷೆ ಮೇ ಮುಗಿಯುವ ಮುನ್ನ ಲೈನ್‌ಮ್ಯಾನ್ ಕೈಗೆ, ಪಂಚಾಯಿತಿಗೆ ಸೇರಬೇಕು. ಕೊಂಬೆ ಕಡಿಯುವ ಕೆಲಸ ಆಗಲೇ ನಡೆಯೋದು. ಕಾಗದದ ಮೇಲೆ, ಎ-3 ಅಳತೆಯಲ್ಲಿ ಕೊಡಿ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯುತ್ತೆ. ಆ ರಾತ್ರಿ ಫೋನಿನಲ್ಲಿ ನಕ್ಷೆ ತೆರೆಯಲ್ಲ. ಕೆಂಪು ಕಂಬಗಳ ಸಂಖ್ಯೆ, ಒಂದೊಂದರಿಂದ ನಿಲ್ಲುವ ಪಂಪು, ಆಸ್ಪತ್ರೆ, ಟವರಿನ ಹೆಸರು ಪಕ್ಕದಲ್ಲಿ ದಪ್ಪಕ್ಷರದಲ್ಲಿರಲಿ. ಕೆಳಗಿನ ಮೂಲೆಯಲ್ಲಿ ಕಂಬಗಳನ್ನು ಕಣ್ಣಾರೆ ನೋಡಿದ ದಿನಾಂಕ ಬರೆಯಿರಿ. ಹೋದ ವರ್ಷದ ದಿನಾಂಕ ಇದ್ದರೆ ಮತ್ತೊಮ್ಮೆ ನಡೆದು ಬನ್ನಿ.