ಕರಗದೆ ಉಳಿದ ಕಪ್ಪು ಪುಡಿ

ಗೆಳೆಯರೇ, ನಮಸ್ಕಾರ.

ಒಂದು ಲೀಟರ್ ನೀರಿನ ಬಾಟಲಿ ಎತ್ತುವುದು ನಮಗೆ ಲೆಕ್ಕಕ್ಕೇ ಇಲ್ಲ. ಅದೇ ಬಾಟಲಿಯಲ್ಲಿ ನೀರಿನ ಬದಲು ಇರಿಡಿಯಂ ತುಂಬಿದೆ ಅಂದುಕೊಳ್ಳಿ. ಆಗ ತೂಕ ಸುಮಾರು 22.5 ಕೆಜಿ. ಚಿನ್ನ ತುಂಬಿದ್ದರೂ 19 ಕೆಜಿ ಚಿಲ್ಲರೆ ಆಗುತ್ತಿತ್ತು, ಅಷ್ಟೇ.

ಆದರೆ ಭಾರ ಇದೆ ಅಂತ ಯಾರೂ ಈ ಲೋಹವನ್ನು ಹುಡುಕಿಕೊಂಡು ಹೋಗುವುದಿಲ್ಲ. ಇದರ ನಿಜವಾದ ಗುಣ ಹಟ. ಸುಲಭಕ್ಕೆ ಕರಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಸವೆಯುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಆ ಹಟದ ಕತೆಯನ್ನೇ.

ಇರಿಡಿಯಂ ನಮಗೆ ಸಿಕ್ಕಿದ್ದೂ ಹಟದಿಂದಲೇ. ಆಗಿನ ಕಾಲದ ರಸಾಯನಶಾಸ್ತ್ರಜ್ಞರು ಪ್ಲಾಟಿನಂ ಅದಿರನ್ನು ಆಕ್ವಾ ರೀಜಿಯಾದಲ್ಲಿ ಕರಗಿಸುತ್ತಿದ್ದರು. ಚಿನ್ನವನ್ನೂ ಬಿಡದೆ ಕರಗಿಸುವ ಆಸಿಡ್ ಮಿಶ್ರಣ ಅದು. ಎಲ್ಲ ಕರಗಿದ ಮೇಲೂ ತಳದಲ್ಲಿ ಒಂದಿಷ್ಟು ಕಪ್ಪು ಪುಡಿ ಉಳಿಯುತ್ತಿತ್ತು. ಗ್ರಾಫೈಟ್ ಇರಬೇಕು ಅಂತ ಅದನ್ನು ಬಿಟ್ಟುಬಿಡುತ್ತಿದ್ದರು. 1803ರಲ್ಲಿ ಲಂಡನ್ನಿನ ಸ್ಮಿತ್ಸನ್ ಟೆನೆಂಟ್ ಆ ಪುಡಿಯನ್ನು ಬಿಡಲಿಲ್ಲ. ಒಮ್ಮೆ ಕ್ಷಾರ, ಒಮ್ಮೆ ಆಸಿಡ್ ಅಂತ ಮತ್ತೆ ಮತ್ತೆ ಸಂಸ್ಕರಿಸಿದರು. ಕೊನೆಗೆ ಅದರಲ್ಲಿ ಒಂದಲ್ಲ, ಎರಡು ಹೊಸ ಲೋಹಗಳು ಸಿಕ್ಕವು. ಒಂದರ ಆಕ್ಸೈಡ್ ಮೂಗಿಗೆ ಹೊಡೆಯುವ ವಾಸನೆ ಬೀರುತ್ತಿತ್ತು. ಅದು ಆಸ್ಮಿಯಂ. ಇನ್ನೊಂದರ ಲವಣಗಳು ಬಗೆಬಗೆಯ ಬಣ್ಣದಲ್ಲಿ ಬಂದವು. ಹಾಗಾಗಿ ಗ್ರೀಕರ ಕಾಮನಬಿಲ್ಲಿನ ದೇವತೆ ಐರಿಸ್ ಹೆಸರನ್ನು ಅದಕ್ಕೆ ಇಟ್ಟರು. ಲೋಹದ ಬಣ್ಣವೋ ಬರೀ ಬೆಳ್ಳಿ ಬಿಳುಪು!

ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಕಬ್ಬಿಣ 1538ರಲ್ಲಿ. ಇರಿಡಿಯಂ ಕರಗಬೇಕಾದರೆ 2446 ಡಿಗ್ರಿ ಬೇಕು. ಚಿನ್ನವನ್ನು ಬಡಿದರೆ ತಗಡಾಗುತ್ತದೆ. ಇದನ್ನು ತಣ್ಣಗಿರುವಾಗ ಬಡಿದರೆ ಬಿರುಕು ಬಿಡುತ್ತದೆ. ಚೆನ್ನಾಗಿ ಕಾಯಿಸಿಯೇ ಕೆಲಸ ಮಾಡಬೇಕು. ಹೀಗಾಗಿ ಕಂಡುಹಿಡಿದ ಎಷ್ಟೋ ವರ್ಷ ಇದನ್ನು ಏನು ಮಾಡಬೇಕು ಅಂತಲೇ ಜನಕ್ಕೆ ಗೊತ್ತಾಗಲಿಲ್ಲ.

ಮೊದಲು ಕೈ ಹಿಡಿದದ್ದು ಪೆನ್ನು. ಒಂದು ಫೌಂಟನ್ ಪೆನ್ನಿನ ನಿಬ್ಬನ್ನು ಕಣ್ಣಿನ ಹತ್ತಿರ ತಂದು ನೋಡಿ. ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಒಂದು ಗುಂಡು ಕಾಣುತ್ತದೆ. ನಡುವೆ ಸೀಳಿರುತ್ತದೆ, ಶಾಯಿ ಇಳಿಯುವುದು ಅಲ್ಲಿಂದ. ಚಿನ್ನದ ನಿಬ್ ಮೆತ್ತಗಿನದು, ಬರೀ ಕಾಗದಕ್ಕೆ ಉಜ್ಜಿಯೇ ಸವೆದುಹೋಗುತ್ತದೆ. ಆ ತುದಿಗೆ ಇರಿಡಿಯಂ ಮತ್ತು ಆಸ್ಮಿಯಂ ಬೆರೆತ ಕಾಳನ್ನು ಬೆಸೆದರೆ ವರ್ಷಗಟ್ಟಲೆ ಬರೆಯಬಹುದು. ಈಗಿನ ಎಷ್ಟೋ ನಿಬ್‌ಗಳಲ್ಲಿ ಬೇರೆ ಗಟ್ಟಿ ಮಿಶ್ರಲೋಹ ಇರುತ್ತದೆ. ಆದರೂ ಜನ ಇರಿಡಿಯಂ ತುದಿ ಅಂತಲೇ ಕರೆಯುತ್ತಾರೆ.

ಬದಲಾಗದ ವಸ್ತು ಬೇಕಾದಾಗಲೆಲ್ಲ ಇದರ ನೆನಪಾಗುತ್ತದೆ. ಇಡೀ ಜಗತ್ತಿಗೆ ಒಂದು ಕಿಲೋಗ್ರಾಂ ಅಂದರೆ ಎಷ್ಟು ಅಂತ ತೋರಿಸಲು ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ ಒಂದು ಸಿಲಿಂಡರ್ ಇಟ್ಟಿದ್ದರು. ಎತ್ತರ 39 ಮಿಲಿಮೀಟರ್, ಅಗಲವೂ ಅಷ್ಟೇ. 90 ಭಾಗ ಪ್ಲಾಟಿನಂ, 10 ಭಾಗ ಇರಿಡಿಯಂ. 1889ರಿಂದ 2019ರ ಮೇ 20ರವರೆಗೆ ಕಿಲೋಗ್ರಾಂ ಅಂದರೆ ಅದೇ. ಸುಮಾರು ನೂರು ವರ್ಷದ ನಂತರ ಅದರ ಪ್ರತಿಗಳ ಜೊತೆ ಹೋಲಿಸಿದಾಗ ಕಂಡ ವ್ಯತ್ಯಾಸ ಸುಮಾರು 50 ಮೈಕ್ರೋಗ್ರಾಂ ಮಾತ್ರ. ನಮಗೆ ಇದು ಏನೂ ಅಲ್ಲ. ಅಳತೆಯ ವಿಜ್ಞಾನಕ್ಕೆ ಮಾತ್ರ ಜಾಸ್ತಿಯೇ ಆಯಿತು. ಅದಕ್ಕೇ ಈಗ ಪ್ಲಾಂಕ್ ಸ್ಥಿರಾಂಕ ಅನ್ನುವ, ನಿಸರ್ಗದಲ್ಲಿ ಎಂದೂ ಬದಲಾಗದ ಒಂದು ಸಂಖ್ಯೆ ಆ ಜಾಗದಲ್ಲಿದೆ.

ಇನ್ನು ಆಸ್ಪತ್ರೆ. ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನರ್ ಒಳಗೆ ಕಿರಣ ಬಿದ್ದಾಗ ಮಿನುಗುವ ಹರಳುಗಳಿವೆ. ಅವನ್ನು 2000 ಡಿಗ್ರಿಗೂ ಮೇಲೆ ಕರಗಿಸಿ, ಆ ದ್ರವದಿಂದ ನಿಧಾನವಾಗಿ ಎಳೆದು ಬೆಳೆಸಬೇಕು. ಅಷ್ಟು ಬಿಸಿಗೆ ತಾನೂ ಕರಗದೆ, ಹರಳಿಗೆ ಕೊಳೆಯನ್ನೂ ಸೇರಿಸದೆ ನಿಲ್ಲುವ ಪಾತ್ರೆ ಇರಿಡಿಯಂನದು. ಇರಿಡಿಯಂ-192 ಅನ್ನುವ ವಿಕಿರಣಶೀಲ ರೂಪವನ್ನು ಅಕ್ಕಿಕಾಳಿಗಿಂತ ಸಣ್ಣ ತುಣುಕಾಗಿ ತಂತಿಯ ತುದಿಗೆ ಕೂರಿಸಿ, ಗೆಡ್ಡೆಯ ಹತ್ತಿರವೇ ಕಳುಹಿಸಿ ಚಿಕಿತ್ಸೆ ಕೊಡುತ್ತಾರೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಇದು ದೊಡ್ಡ ಆಸರೆ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಈ ಲೋಹ ನೆಲದಲ್ಲಿ ಇಷ್ಟು ಅಪರೂಪ ಯಾಕೆ? ಭೂಮಿ ಇನ್ನೂ ಕರಗಿದ ಮುದ್ದೆಯಾಗಿದ್ದಾಗ ಕಬ್ಬಿಣ ಒಳಕ್ಕೆ ಇಳಿಯಿತು. ಇರಿಡಿಯಂಗೆ ಕಬ್ಬಿಣದ ನಂಟು ಜಾಸ್ತಿ. ಬಹುಪಾಲು ಅದರ ಜೊತೆಯೇ ಭೂಮಿಯ ತಿರುಳಿಗೆ ಹೋಯಿತು. ಆದರೆ ಉಲ್ಕೆಗಳಲ್ಲಿ ಅದು ಹಾಗೇ ಉಳಿದಿದೆ.

ಇಟಲಿಯ ಗುಬ್ಬಿಯೋ ಊರಿನ ಹತ್ತಿರ ಸುಣ್ಣಕಲ್ಲಿನ ಪದರಗಳ ನಡುವೆ ಬೆರಳಗಲ ಜೇಡಿಮಣ್ಣಿನ ಒಂದು ಗೆರೆ ಇದೆ. ಕೆಳಗಿನ ಕಲ್ಲಿನಲ್ಲಿ ಪುಟ್ಟ ಕಡಲಜೀವಿಗಳ ಚಿಪ್ಪು ತುಂಬಿಕೊಂಡಿವೆ. ಮೇಲಿನದರಲ್ಲಿ ಅವು ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಭೂವಿಜ್ಞಾನಿ ವಾಲ್ಟರ್ ಅಲ್ವಾರೆಜ್‌ಗೆ ಆ ಜೇಡಿ ಶೇಖರವಾಗಲು ಎಷ್ಟು ಕಾಲ ಹಿಡಿಯಿತು ಅಂತ ತಿಳಿಯಬೇಕಿತ್ತು. ಅವರ ತಂದೆ, ಭೌತವಿಜ್ಞಾನಿ ಲೂಯಿಸ್, ಒಂದು ಉಪಾಯ ಹೇಳಿದರು. ಆಕಾಶದ ಧೂಳು ಒಂದೇ ಸಮನೆ ಬೀಳುತ್ತಿರುತ್ತದೆ, ಅದರಲ್ಲಿ ಇರಿಡಿಯಂ ಇದೆ, ಅದನ್ನು ಅಳೆದರೆ ಕಾಲ ಗೊತ್ತಾಗುತ್ತದೆ ಅಲ್ವಾ? ರಸಾಯನಶಾಸ್ತ್ರಜ್ಞರಾದ ಫ್ರಾಂಕ್ ಅಸಾರೊ ಮತ್ತು ಹೆಲೆನ್ ಮೈಕೆಲ್ ಅಳೆದರು. ಸಿಕ್ಕಿದ್ದು ಮಾಮೂಲಿಗಿಂತ ಸುಮಾರು 30 ಪಟ್ಟು! ಧೂಳಿನಿಂದ ಅಷ್ಟು ಬರಲು ಸಾಧ್ಯವೇ ಇರಲಿಲ್ಲ. ದೊಡ್ಡದೊಂದು ಕ್ಷುದ್ರಗ್ರಹ ಬಂದು ಬಡಿದಿರಬೇಕು ಅಂತ 1980ರಲ್ಲಿ ನಾಲ್ವರೂ ಪ್ರಕಟಿಸಿದರು. ಡೈನೋಸಾರ್‌ಗಳು ಅಳಿದದ್ದು ಆ ಹೊಡೆತಕ್ಕೆ, 6.6 ಕೋಟಿ ವರ್ಷಗಳ ಹಿಂದೆ. ಆ ಕುಳಿ ಮೆಕ್ಸಿಕೋದ ಚಿಕ್ಸುಲೂಬ್‌ನಲ್ಲಿದೆ ಅಂತ ಆಮೇಲೆ ಗೊತ್ತಾಯಿತು. ಗಡಿಯಾರ ಹುಡುಕಲು ಹೋದವರಿಗೆ ಒಂದು ಮಹಾದುರಂತದ ಗುರುತು ಸಿಕ್ಕಿತು.

ಇವತ್ತು ಜಗತ್ತಿನ ಗಣಿಗಳಿಂದ ವರ್ಷಕ್ಕೆ ಸಿಗುವ ಇರಿಡಿಯಂ ಸುಮಾರು 7ರಿಂದ 8 ಟನ್. ಬಹುಪಾಲು ದಕ್ಷಿಣ ಆಫ್ರಿಕಾದ್ದು, ಅದೂ ಪ್ಲಾಟಿನಂ ಜೊತೆ ಬರುವ ಉಪ ಉತ್ಪನ್ನ. ಅಷ್ಟನ್ನೂ ಒಟ್ಟಿಗೆ ಎರಕ ಹೊಯ್ದರೆ ಒಂದು ಬದಿ 70 ಸೆಂಟಿಮೀಟರ್ ಇರುವ ಘನ ಆಗುತ್ತದೆ. ಒಂದು ಮೇಜಿನ ಕೆಳಗೆ ಕೂರುತ್ತದೆ.

ಅದರ ಮೇಲೆ ಈಗ ಹೊಸ ಬೇಡಿಕೆ ಬಂದಿದೆ. ಬಿಸಿಲು, ಗಾಳಿಯ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಒಂದು ಬಗೆಯ ಯಂತ್ರವಿದೆ. ಅದರಲ್ಲಿ ಆಕ್ಸಿಜನ್ ಹೊರಬರುವ ಬದಿ ಪೂರಾ ಆಸಿಡ್. ಹೆಚ್ಚಿನ ಲೋಹಗಳು ಅಲ್ಲಿ ಕರಗಿಹೋಗುತ್ತವೆ. ಇರಿಡಿಯಂ ಆಕ್ಸೈಡ್ ತಡೆದು ನಿಲ್ಲುತ್ತದೆ. ಅದಕ್ಕೇ ಪ್ರಯೋಗಾಲಯಗಳಲ್ಲಿ ಆ ಲೇಪವನ್ನು ಇನ್ನಷ್ಟು, ಮತ್ತಷ್ಟು ತೆಳುವಾಗಿ ಹಚ್ಚುವ ಪ್ರಯತ್ನ ನಡೆದಿದೆ. ಹರಳು ಬೆಳೆಸಿದ ಹಳೆಯ ಪಾತ್ರೆಗಳ ಚೂರನ್ನೂ ಬಿಸಾಡದೆ ಮತ್ತೆ ಇರಿಡಿಯಂ ತೆಗೆಯುತ್ತಾರೆ.